ತಮ್ಮನ ಫಿಸ್ಟುಲಾಗೆ ಸ್ಟೆಮ್ ಸೆಲ್ ಇಂಜೆಕ್ಷನ್ ಅಂತಿದಾರೆ. ಸ್ನಾಯು ಉಳಿಸೋ ದಾರಿ ಯಾವುದು?

ಎಪಿಎಂಸಿ ಅಣ್ಣ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ವಿಷಯ ನನ್ನ ತಮ್ಮನದು. ವಯಸ್ಸು 34. ಮೆಕ್ಕೆಜೋಳದ ವ್ಯಾಪಾರ. ದಿನವಿಡೀ ಯಾರ್ಡಿನಲ್ಲಿ ಇರ್ತಾನೆ, ಇಲ್ಲ ಅಂದ್ರೆ ಲಾರಿಯಲ್ಲಿ. ಮೊದಲು ಗುದದ ಪಕ್ಕ ಕುರು ಎದ್ದಿತು. ಸೀಳಿ ಕೀವು ತೆಗೆದರು, ನೋವು ಹೋಯಿತು. ಆದರೆ ಅಲ್ಲೊಂದು ಸಣ್ಣ ತೂತು ಉಳಿಯಿತು. ಆಗಾಗ ಕೀವು ಸೋರುತ್ತೆ, ಒಳಚಡ್ಡಿಯಲ್ಲಿ ಕಲೆ ಬೀಳುತ್ತೆ. ನಾಚಿಕೆಗೆ ಮನೆಯವರ ಹತ್ತಿರ ಮೂಲವ್ಯಾಧಿ ಅಂತಲೇ ಹೇಳಿಕೊಂಡು ಬಂದ. ಒಂದು ಆಪರೇಷನ್ ಕೂಡ ಆಯಿತು, ಮತ್ತೆ ಬಂತು.

ಈಗ ಎಂಆರ್‌ಐ ಮಾಡಿಸಿದ್ದೇವೆ. ಹೈ ಟ್ರಾನ್ಸ್‌ಸ್ಫಿಂಕ್ಟೆರಿಕ್ ಫಿಸ್ಟುಲಾ, ಅಂದ್ರೆ ಗುದ ಬಿಗಿ ಹಿಡಿಯೋ ಸ್ನಾಯುಗಳನ್ನು ಎತ್ತರದಲ್ಲಿ ದಾಟಿದ ಕೊಳವೆ, ಒಳಬಾಯಿ ಗಡಿಯಾರದ ಲೆಕ್ಕದಲ್ಲಿ 6 ಗಂಟೆ ಜಾಗದಲ್ಲಿ, ಎಡಗಡೆ ಒಂದು ಕವಲು, ಆ ಕವಲಿನ ತುದಿಯಲ್ಲಿ ಚಿಕ್ಕ ಕೀವಿನ ಗುಳಿ ಅಂತ ಬರೆದಿದ್ದಾರೆ. ಇಲ್ಲಿನ ಸರ್ಜನ್ ಮೊದಲು ಸೀಟನ್ ದಾರ ಹಾಕೋಣ, ಕೀವು ಪೂರ್ತಿ ಇಳಿದ ಮೇಲೆ ಲಿಫ್ಟ್ ಆಪರೇಷನ್ ಮಾಡೋಣ ಅಂದರು. ಬೆಂಗಳೂರಿನ ಒಂದು ಕ್ಲಿನಿಕ್ಕಿನವರು ಸ್ಟೆಮ್ ಸೆಲ್ ಇಂಜೆಕ್ಷನ್ ಕೊಡ್ತೀವಿ, ಒಂದೇ ಸಲಕ್ಕೆ ಮುಗಿಯುತ್ತೆ, ಸ್ನಾಯು ಮುಟ್ಟೋದೇ ಇಲ್ಲ, ಗ್ಯಾರಂಟಿ ಅಂತಿದಾರೆ. ನಾಲ್ಕು ಲಕ್ಷ ಕೇಳಿದ್ದಾರೆ. ನಿಟ್ಟುವಳ್ಳಿ ಕಡೆ ಇರೋ ಸೈಟು ಮಾರೋಣ ಅಂತ ಅಪ್ಪ ಹೊರಟಿದ್ದಾರೆ. ತಮ್ಮನಿಗೆ ಇರೋದು ಒಂದೇ ಭಯ. ಸ್ನಾಯು ಕತ್ತರಿಸಿ ಮಲ ಹಿಡಿತಕ್ಕೆ ಸಿಗದೇ ಹೋದರೆ ಯಾರ್ಡಿಗೆ ಹೇಗೆ ಹೋಗಲಿ ಅಂತಾನೆ. ತಿಳಿದವರು ಹೇಳಿ.

ಹರಿಹರದವನು

ಅಣ್ಣಾ, ನಾನೂ ಇದರಲ್ಲಿ ಬೆಂದವನೇ. ನನಗೂ ಸೀಟನ್ ಹಾಕಿದ್ದರು. ಹೆಸರು ಕೇಳಿ ಹೆದರಬೇಡಿ. ತೆಳ್ಳಗಿನ ಸಿಲಿಕಾನ್ ದಾರ. ಹೊರಗಿನ ತೂತಿನಿಂದ ಒಳಹೋಗಿ ಗುದದ ಬಾಯಿಂದ ಹೊರಬಂದು ಸಡಿಲವಾದ ಉಂಗುರದ ಹಾಗೆ ಕಟ್ಟಿರುತ್ತೆ. ಕುಯ್ಯೋದಿಲ್ಲ, ಬಾಯಿ ಮುಚ್ಚದ ಹಾಗೆ ನೋಡಿಕೊಳ್ಳುತ್ತೆ ಅಷ್ಟೆ. ಕೀವು ಒಳಗೆ ನಿಲ್ಲದೆ ಹೊರಗೆ ಬರುತ್ತಾ ಇರುತ್ತೆ, ಹಾಗಾಗಿ ಆ ಜೀವ ಹೋಗೋ ನೋವು, ಚಳಿಜ್ವರ ಎಲ್ಲ ನಿಲ್ಲುತ್ತೆ. ಮೊದಲ ವಾರ ಗಂಟು ಚುಚ್ಚುತ್ತೆ, ಬಸ್ಸಿನಲ್ಲಿ ಒಂದು ಪಕ್ಕಕ್ಕೆ ಒರಗಿ ಕೂರಬೇಕಾಗುತ್ತೆ. ಗಂಟು ಒಳಗೆ ಸರಿದು ಒತ್ತಿದರೆ ಸ್ನಾನದಲ್ಲಿ ಮೆಲ್ಲಗೆ ದಾರ ತಿರುಗಿಸಿ ಹೊರಗೆ ತಂದುಕೊಳ್ಳಬಹುದು, ಅದನ್ನು ಡಾಕ್ಟರೇ ತೋರಿಸಿಕೊಡ್ತಾರೆ. ಗಾಜ್ ಪ್ಯಾಡ್ ಮಡಚಿ ಇಟ್ಟುಕೊಂಡು ನಾನು ಕೆಲಸಕ್ಕೆ ಹೋಗ್ತಿದ್ದೆ. ತಮ್ಮನಿಗೆ ಇಷ್ಟು ಹೇಳಿ: ಸೀಟನ್ ಹಾಕಿದ ಮೇಲೆ ನಾನು ಮೊದಲ ಸಲ ನಿದ್ದೆ ಮಾಡಿದೆ.

ಸರ್ಜರಿ ಪಿಜಿ

ದಾವಣಗೆರೆಯಲ್ಲೇ ಸರ್ಜರಿ ಎಂಎಸ್ ಮಾಡ್ತಿದ್ದೇನೆ. ನಿಮ್ಮ ತಮ್ಮನನ್ನು ಪರೀಕ್ಷೆ ಮಾಡದೆ ಇಲ್ಲಿಂದಲೇ ಚಿಕಿತ್ಸೆ ಹೇಳೋದು ಸರಿಯಲ್ಲ. ಆದರೆ ನೀವು ಕೇಳಿದ ವಿಷಯದ ಬಗ್ಗೆ ಹೇಳೋದು ತುಂಬಾ ಇದೆ.

ಗುದದ ಒಳಗೋಡೆಯಲ್ಲಿ ಸಣ್ಣ ಸಣ್ಣ ಗ್ರಂಥಿಗಳಿವೆ. ಒಂದರ ಬಾಯಿ ಕಟ್ಟಿ ಸೋಂಕಾದರೆ ಕೀವು ಎರಡು ಸ್ನಾಯುಗಳ ನಡುವಿನ ಸಂದಿಯಲ್ಲಿ ಸೇರುತ್ತೆ, ಅಲ್ಲಿಂದ ದಾರಿ ಮಾಡಿಕೊಂಡು ಚರ್ಮದ ಹತ್ತಿರ ಒಡೆಯುತ್ತೆ. ಒಳಬಾಯಿಂದ ಹೊರಬಾಯಿವರೆಗಿನ ಆ ಕೊಳವೆಯೇ ಫಿಸ್ಟುಲಾ. ಒಳಸ್ನಾಯು ನಮ್ಮ ಗಮನಕ್ಕೆ ಬಾರದೆ ಹಗಲೂ ರಾತ್ರಿ ಬಿಗಿ ಹಿಡಿದಿರುತ್ತೆ. ಅವಸರ ಆದಾಗ ನಾವು ಬೇಕೆಂದು ಬಿಗಿ ಹಿಡಿಯೋದು ಹೊರಸ್ನಾಯುವನ್ನು. ಕೊಳವೆ ಈ ಎರಡನ್ನೂ ಎಷ್ಟು ಎತ್ತರದಲ್ಲಿ ದಾಟಿದೆ ಅನ್ನೋದರ ಮೇಲೆ ಎಲ್ಲ ನಿಂತಿದೆ. 1976ರಲ್ಲಿ ಲಂಡನ್ನಿನ ಪಾರ್ಕ್ಸ್ ಮಾಡಿದ ವರ್ಗೀಕರಣವನ್ನೇ ಇವತ್ತಿಗೂ ಬಳಸ್ತೀವಿ, ನಿಮ್ಮ ರಿಪೋರ್ಟಿನಲ್ಲಿರೋ ಟ್ರಾನ್ಸ್‌ಸ್ಫಿಂಕ್ಟೆರಿಕ್ ಅನ್ನೋದು ಅದರಿಂದಲೇ ಬಂದದ್ದು.

ಕೊಳವೆ ಕೆಳಗಿದ್ದರೆ ಸೀಳಿ ತೆರೆದಿಡೋದೇ ಒಳ್ಳೆಯದು. ಅದಕ್ಕೆ ಫಿಸ್ಟುಲಾಟಮಿ ಅಂತಾರೆ. ನೂರರಲ್ಲಿ 90ಕ್ಕೂ ಜಾಸ್ತಿ ಜನರಿಗೆ ವಾಸಿಯಾಗುತ್ತೆ. ಹೊರಸ್ನಾಯುವಿನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಒಳಗೊಂಡಿದ್ದರೆ, ಕವಲಿದ್ದರೆ, ಮತ್ತೆ ಮತ್ತೆ ಬಂದಿದ್ದರೆ ಅದು ಕಾಂಪ್ಲೆಕ್ಸ್. ಅಲ್ಲಿ ಸೀಳಿದರೆ ಫಿಸ್ಟುಲಾ ಹೋಗಬಹುದು, ಹಿಡಿತವೂ ಹೋಗಬಹುದು. ನಿಮ್ಮ ತಮ್ಮನದು ಈ ಗುಂಪಿನದು. ಅವರ ಭಯಕ್ಕೆ ಕಾರಣ ಇದೆ. ನಿಮ್ಮ ಸರ್ಜನ್ ಸೀಳೋಣ ಅನ್ನದೆ ಸೀಟನ್, ಆಮೇಲೆ ಲಿಫ್ಟ್ ಅಂದಿರೋದೂ ಅದೇ ಕಾರಣಕ್ಕೆ. ಅದು ಸ್ನಾಯು ಉಳಿಸೋ ದಾರಿಯೇ.

ಲಿಫ್ಟ್ ಅನ್ನೋದು ಥಾಯ್ಲೆಂಡಿನ ಅರುಣ್ ರೋಜನಸಕುಲ್ ಅನ್ನೋ ಸರ್ಜನ್ 2007ರಲ್ಲಿ ಪ್ರಕಟಿಸಿದ ವಿಧಾನ. ಎರಡು ಸ್ನಾಯುಗಳ ನಡುವಿನ ಸಂದಿಗೆ ಸಣ್ಣ ಗಾಯದ ಮೂಲಕ ಹೋಗಿ, ಕೊಳವೆಯನ್ನು ಅಲ್ಲೇ ಹಿಡಿದು, ಒಳಬಾಯಿ ಕಡೆ ದಾರದಿಂದ ಕಟ್ಟಿ, ನಡುವೆ ಕತ್ತರಿಸಿ ತೆಗೀತಾರೆ. ಎರಡೂ ಸ್ನಾಯು ಹಾಗೇ ಉಳಿಯುತ್ತವೆ. ಅವರ ಮೊದಲ ವರದಿಯಲ್ಲಿ 18 ಜನರಲ್ಲಿ 17 ಜನರಿಗೆ ವಾಸಿಯಾಗಿತ್ತು. ಆಮೇಲೆ ಬೇರೆ ಬೇರೆ ಕಡೆ ಮಾಡಿದಾಗ ಅಷ್ಟು ಬರಲಿಲ್ಲ. ಸಾಮಾನ್ಯವಾಗಿ ನೂರಕ್ಕೆ 60ರಿಂದ 80ರ ನಡುವೆ ಅಂತ ಇಟ್ಟುಕೊಳ್ಳಿ. ಗ್ಯಾರಂಟಿ ಅನ್ನೋ ಮಾತನ್ನು ಈ ಕಾಯಿಲೆಯಲ್ಲಿ ಯಾರೂ ಆಡಬಾರದು. ಆಡಿದವರ ಹತ್ತಿರ ಹುಷಾರಾಗಿರಿ.

ಡ್ಯೂಟಿ ಇದೆ, ಸ್ಟೆಮ್ ಸೆಲ್ ಬಗ್ಗೆ ರಾತ್ರಿ ಬರೀತೀನಿ.

ಜಗಳೂರು ಮೇಷ್ಟ್ರು

ಇದಕ್ಕೆಲ್ಲ ಇಂಗ್ಲಿಷ್ ಔಷಧಿ ಯಾಕೆ? ಆಯುರ್ವೇದದ ಔಷಧಿ ದಾರ, ಕ್ಷಾರಸೂತ್ರ ಇದೆಯಲ್ಲ. ನಮ್ಮ ಅಳಿಯನಿಗೆ ಅದರಲ್ಲೇ ಗುಣವಾಯಿತು. ಸ್ನಾಯುಗೆ ಏನೂ ಆಗಲಿಲ್ಲ.

ಶಲ್ಯತಂತ್ರ ವೈದ್ಯೆ, ಚಿತ್ರದುರ್ಗ

ಮೇಷ್ಟ್ರೇ, ನಾನು ಕ್ಷಾರಸೂತ್ರ ಮಾಡುವವಳೇ. ಅದರ ಮೇಲೆ ನನಗೆ ನಂಬಿಕೆ ಇದೆ, ಹಾಗಾಗಿ ಅದು ಎಲ್ಲಿಗೆ ಸರಿ, ಎಲ್ಲಿಗೆ ಅಲ್ಲ ಅಂತ ಬಿಡಿಸಿ ಹೇಳೋದು ನನ್ನ ಕೆಲಸ.

20ನೇ ನಂಬರಿನ ಲಿನೆನ್ ದಾರಕ್ಕೆ 21 ಸಲ ಲೇಪ ಕೊಡ್ತೀವಿ. ಮೊದಲ 11 ಲೇಪ ಕಳ್ಳಿಹಾಲಿನದು. ಆಮೇಲೆ 7 ಲೇಪ ಕಳ್ಳಿಹಾಲು ಮತ್ತು ಉತ್ತರಾಣಿ ಕ್ಷಾರ. ಕೊನೆಯ 3 ಕಳ್ಳಿಹಾಲು ಮತ್ತು ಅರಿಶಿನ. ಪ್ರತಿ ಲೇಪ ಒಣಗಿದ ಮೇಲೆ ಮುಂದಿನದು. ಸುಶ್ರುತ ಹೇಳಿದ ಈ ವಿಧಾನವನ್ನು 1960ರ ದಶಕದಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಮತ್ತೆ ಬಳಕೆಗೆ ತಂದರು. ವೈದ್ಯಕೀಯ ಸಂಶೋಧನೆಯ ಕೇಂದ್ರ ಸರ್ಕಾರಿ ಸಂಸ್ಥೆ ಐಸಿಎಂಆರ್ ಹಲವು ಆಸ್ಪತ್ರೆಗಳಲ್ಲಿ ಇದನ್ನು ಆಪರೇಷನ್ನಿನ ಜೊತೆ ಹೋಲಿಸಿ ಪರೀಕ್ಷಿಸಿ 1991ರಲ್ಲಿ ಫಲಿತಾಂಶ ಪ್ರಕಟಿಸಿತು. ಕ್ಷಾರಸೂತ್ರದವರಲ್ಲಿ ನೂರಕ್ಕೆ 4 ಜನರಿಗೆ ಮರುಕಳಿಸಿತ್ತು, ಆಪರೇಷನ್ ಆದವರಲ್ಲಿ 11 ಜನರಿಗೆ. ವಾಸಿಯಾಗೋಕೆ ಮಾತ್ರ ಜಾಸ್ತಿ ಸಮಯ ಹಿಡಿಯಿತು.

ಆದರೆ ಈ ದಾರ ಕೊಳವೆಯನ್ನು ಕುಯ್ಯುತ್ತಾ ಬರುತ್ತೆ. ವಾರಕ್ಕೊಮ್ಮೆ ಬದಲಾಯಿಸ್ತೀವಿ, ಪ್ರತಿ ವಾರ ಸ್ವಲ್ಪ ಸ್ವಲ್ಪ ಕುಯ್ಯುತ್ತೆ, ಹಿಂದಿನಿಂದ ಗಾಯ ಮಾಯುತ್ತಾ ಬರುತ್ತೆ. ನಿಧಾನಕ್ಕೆ ಆಗೋದರಿಂದ ಸ್ನಾಯುವಿನ ತುದಿಗಳು ದೂರ ಸರಿಯೋದು ಕಡಿಮೆ. ಹಾಗಂತ ಸ್ನಾಯು ಮುಟ್ಟೋದೇ ಇಲ್ಲ ಅನ್ನೋ ಹಾಗಿಲ್ಲ. ತುಂಬಾ ಎತ್ತರದ, ಕವಲಿರೋ ಫಿಸ್ಟುಲಾ ಬಂದರೆ ನಾನು ಎಂಆರ್‌ಐ ನೋಡದೆ ದಾರ ಹಾಕೋದಿಲ್ಲ. ಕೆಲವರನ್ನು ಸರ್ಜನ್ ಹತ್ತಿರ ಕಳಿಸಿದ್ದೇನೆ.

ಸರ್ಜರಿ ಪಿಜಿ

ಮೇಡಂ, ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಕುಯ್ಯೋ ದಾರ ಬೇರೆ, ಹರಿಹರದ ಅಣ್ಣ ಹೇಳಿದ ಸಡಿಲ ಸೀಟನ್ ಬೇರೆ. ಪೇಷಂಟುಗಳು ಎರಡಕ್ಕೂ ದಾರ ಅಂತಲೇ ಅಂತಾರೆ, ಹಾಗಾಗಿ ಹಾಕಿಸಿಕೊಳ್ಳೋ ಮುಂಚೆ ಇದು ಕುಯ್ಯೋದಾ, ಬರೀ ಕೀವು ಇಳಿಸೋದಾ ಅಂತ ಕೇಳಲೇಬೇಕು.

ಈಗ ಸ್ಟೆಮ್ ಸೆಲ್. ಇದು ಸುಳ್ಳು ಕಥೆಯಲ್ಲ. ನಿಜವಾದ ಸಂಶೋಧನೆ, ಇಪ್ಪತ್ತು ವರ್ಷಕ್ಕೂ ಜಾಸ್ತಿ ನಡೆದಿದೆ. ಅದಕ್ಕೇ ಅದರ ಹೆಸರು ಹೇಳಿ ದುಡ್ಡು ಕೇಳೋದು ಸುಲಭ.

ಮ್ಯಾಡ್ರಿಡ್‌ನ ದಾಮಿಯಾನ್ ಗಾರ್ಸಿಯಾ ಓಲ್ಮೊ ಮತ್ತು ಅವರ ತಂಡ 2003ರಲ್ಲಿ ಮೊದಲ ರೋಗಿಯ ವರದಿ ಕೊಟ್ಟರು. ಹೊಟ್ಟೆಯ ಕೊಬ್ಬನ್ನು ಹೀರಿ ತೆಗೆದು, ಅದರಲ್ಲಿರೋ ಮೂಲಕೋಶಗಳನ್ನು, ಅಂದ್ರೆ ಸ್ಟೆಮ್ ಸೆಲ್‌ಗಳನ್ನು, ಲ್ಯಾಬಿನಲ್ಲಿ ಬೆಳೆಸಿ, ಫಿಸ್ಟುಲಾ ಸುತ್ತ ಚುಚ್ಚೋದು. ಈ ಕೋಶಗಳು ಹೊಸ ಸ್ನಾಯು ಆಗಿ ಬೆಳೀತವೆ ಅಂತ ಜನ ತಿಳಿದಿದ್ದಾರೆ. ಅವುಗಳ ಮುಖ್ಯ ಕೆಲಸ ಅದಲ್ಲ. ಅಲ್ಲಿನ ಉರಿಯೂತ ತಗ್ಗಿಸಿ, ಮಾಯೋಕೆ ಅನುಕೂಲ ಮಾಡಿಕೊಡೋದು. 2009ರಲ್ಲಿ ಬಂದ ಎರಡನೇ ಹಂತದ ಪರೀಕ್ಷೆಯಲ್ಲಿ ಕೋಶದ ಜೊತೆ ಫೈಬ್ರಿನ್ ಅಂಟು (ರಕ್ತ ಹೆಪ್ಪುಗಟ್ಟಿಸೋ ಪ್ರೋಟೀನಿನದು) ಕೊಟ್ಟವರಲ್ಲಿ ನೂರಕ್ಕೆ 71, ಬರೀ ಅಂಟು ಕೊಟ್ಟವರಲ್ಲಿ 16 ಜನರಿಗೆ ವಾಸಿಯಾಯಿತು. ಎಲ್ಲರೂ ಕುಣಿದಾಡಿದರು.

ಮುಂದಿನ ಭಾಗವೇ ನಿಮಗೆ ಬೇಕಾದದ್ದು, ಅಣ್ಣಾ. ಗ್ರಂಥಿಯ ಸೋಂಕಿನಿಂದ ಆದ ಸಾಮಾನ್ಯ ಫಿಸ್ಟುಲಾ, ಅಂದ್ರೆ ನಿಮ್ಮ ತಮ್ಮನಿಗೆ ಇರಬಹುದಾದ ಬಗೆಯದ್ದೇ, ಅಂಥ ಸುಮಾರು 200 ಜನರ ಮೇಲೆ ದೊಡ್ಡ ಪರೀಕ್ಷೆ ಮಾಡಿ 2012ರಲ್ಲಿ ಪ್ರಕಟಿಸಿದರು. ಬರೀ ಕೋಶ, ಕೋಶ ಮತ್ತು ಅಂಟು, ಬರೀ ಅಂಟು ಅಂತ ಮೂರು ಗುಂಪು. ಮೂರರಲ್ಲೂ ವಾಸಿಯಾದವರು ನೂರಕ್ಕೆ 40ರ ಆಚೀಚೆ. ಹೇಳಿಕೊಳ್ಳೋ ವ್ಯತ್ಯಾಸ ಇರಲಿಲ್ಲ. ಸೈಟು ಮಾರೋ ಮುಂಚೆ ಅಪ್ಪನಿಗೆ ಇದೊಂದನ್ನು ಓದಿ ಹೇಳಿ.

ಚನ್ನಗಿರಿ ಅಕ್ಕ

ನನಗಿರೋದು ಕ್ರೋನ್ಸ್ ಕಾಯಿಲೆ. ಕರುಳಿನದು, ಅದರಿಂದಲೇ ಫಿಸ್ಟುಲಾ. ಈಗ ಸೀಟನ್ ಇದೆ, ಇನ್‌ಫ್ಲಿಕ್ಸಿಮ್ಯಾಬ್ ಅಂತ ಉರಿಯೂತ ತಗ್ಗಿಸೋ ಔಷಧಿಯ ಡ್ರಿಪ್ ನಡೀತಿದೆ. ಶುರು ಮಾಡೋ ಮುಂಚೆ ಟಿಬಿ ಇದೆಯಾ ಅಂತ ಎದೆ ಎಕ್ಸ್‌ರೇ, ರಕ್ತ ಪರೀಕ್ಷೆ ಎಲ್ಲ ಮಾಡಿದರು, ಯಾಕಂದ್ರೆ ಈ ಔಷಧಿ ಅಡಗಿರೋ ಟಿಬಿಯನ್ನು ಎಬ್ಬಿಸುತ್ತಂತೆ. ಕ್ರೋನ್ಸ್‌ನವರಿಗೆ ಯೂರೋಪಿನಲ್ಲಿ ಅಲೋಫಿಸೆಲ್ ಅಂತ ಸ್ಟೆಮ್ ಸೆಲ್ ಔಷಧಿಗೇ ಅನುಮತಿ ಇದೆ ಅಂತ ಓದಿದ್ದೆ. ನಮ್ಮಂಥವರಿಗಾದರೂ ಅದು ಬರುತ್ತಾ ತಮ್ಮಾ? ತುಂಬಾ ಆಸೆ ಇಟ್ಟುಕೊಂಡಿದ್ದೇನೆ.

ಸರ್ಜರಿ ಪಿಜಿ

ಅಕ್ಕಾ, ಅನುಮತಿ ಇತ್ತು. ಈಗ ಇಲ್ಲ. ಪೂರ್ತಿ ಹೇಳ್ತೀನಿ, ನಿಮಗೆ ತಿಳಿಯೋ ಹಕ್ಕಿದೆ.

ಅದರ ಮೂಲ ಹೆಸರು ಡಾರ್ವಡ್‌ಸ್ಟ್ರೋಸೆಲ್. ಬೇರೆ ದಾನಿಯ ಕೊಬ್ಬಿನಿಂದ ಬೆಳೆಸಿದ 12 ಕೋಟಿ ಕೋಶಗಳು ಒಂದು ಡೋಸ್‌ನಲ್ಲಿ. 2016ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಡ್ಮೈರ್ ಪರೀಕ್ಷೆಯಲ್ಲಿ 212 ಕ್ರೋನ್ಸ್ ರೋಗಿಗಳಿದ್ದರು. 24 ವಾರಕ್ಕೆ ಕೋಶ ಪಡೆದವರಲ್ಲಿ ನೂರಕ್ಕೆ 50, ಪಡೆಯದವರಲ್ಲಿ 34 ಜನರ ಫಿಸ್ಟುಲಾ ಮುಚ್ಚಿ ಎಂಆರ್‌ಐ ಕೂಡ ಚೆನ್ನಾಗಿತ್ತು. ಅದರ ಮೇಲೆ 2018ರಲ್ಲಿ ಯೂರೋಪ್ ಅನುಮತಿ ಕೊಟ್ಟಿತು. ಆಮೇಲೆ ಇನ್ನೂ ದೊಡ್ಡ ಪರೀಕ್ಷೆ, 568 ಜನ. 2023ರಲ್ಲಿ ಫಲಿತಾಂಶ ಬಂತು. ಕೋಶ ಪಡೆದವರಲ್ಲಿ ನೂರಕ್ಕೆ 48.8, ಪಡೆಯದವರಲ್ಲಿ 46.3. ವ್ಯತ್ಯಾಸವೇ ಇಲ್ಲ. 2024ರ ಡಿಸೆಂಬರಿನಲ್ಲಿ ಕಂಪನಿಯೇ ಯೂರೋಪಿನ ಮಾರುಕಟ್ಟೆಯಿಂದ ವಾಪಸ್ ತೆಗೆದುಕೊಂಡಿತು.

ಬೇಜಾರಾಗಬೇಡಿ ಅಕ್ಕಾ. ಆ 46.3ನ್ನು ಇನ್ನೊಂದು ಸಲ ನೋಡಿ. ಕೋಶ ಸಿಗದವರಿಗೆ ಏನೂ ಮಾಡಲಿಲ್ಲ ಅಂತಲ್ಲ. ಅವರಿಗೂ ಕೊಳವೆಯನ್ನು ಕೆರೆದು ಶುಚಿ ಮಾಡಿ, ಒಳಬಾಯಿಗೆ ಹೊಲಿಗೆ ಹಾಕಿದ್ದರು. ಅಷ್ಟು ನಿಗಾದಿಂದ ಮಾಡಿದಾಗ ಕೋಶ ಇಲ್ಲದೆಯೂ ಹೆಚ್ಚುಕಡಿಮೆ ಅರ್ಧ ಜನ ಸುಧಾರಿಸಿದರು. ನಮ್ಮ ಕಡೆ ಭದ್ರಾ ಕಾಲುವೆಯ ತೂಬು ಮುಚ್ಚದೆ ಗದ್ದೆ ಒಣಗಿಸೋಕೆ ಹೋಗ್ತಾರಾ? ಒಳಬಾಯಿ ಮುಚ್ಚದೆ ಹೊರಗಿಂದ ಏನೇ ಚುಚ್ಚಿದರೂ ಅಷ್ಟೇ ಆಗೋದು. ನನ್ನ ಅಭಿಪ್ರಾಯ ಕೇಳಿದರೆ, ಈ ಎಲ್ಲ ಪರೀಕ್ಷೆಗಳಿಂದ ಸಿಕ್ಕ ದೊಡ್ಡ ಪಾಠ ಕೋಶದ್ದಲ್ಲ, ಶುಚಿ ಮಾಡಿ ಒಳಬಾಯಿ ಮುಚ್ಚೋ ಕೆಲಸದ್ದು. ಇನ್‌ಫ್ಲಿಕ್ಸಿಮ್ಯಾಬ್ ತಪ್ಪಿಸಬೇಡಿ, ಸೀಟನ್ ಯಾವಾಗ ತೆಗೆಯೋದು ಅಂತ ಗ್ಯಾಸ್ಟ್ರೋ ಡಾಕ್ಟರೂ ಸರ್ಜನ್ನೂ ಒಟ್ಟಿಗೆ ಕೂತು ತೀರ್ಮಾನ ಮಾಡಲಿ.

ಚನ್ನಗಿರಿ ಅಕ್ಕ

ಓದಿ ಅಳು ಬಂತು, ಆಮೇಲೆ ಸಮಾಧಾನವೂ ಆಯಿತು. ಇಷ್ಟು ಬಿಡಿಸಿ ಇದುವರೆಗೆ ಯಾರೂ ಹೇಳಿರಲಿಲ್ಲ. ದೇವರು ಒಳ್ಳೇದು ಮಾಡಲಿ ತಮ್ಮಾ.

ಎಪಿಎಂಸಿ ಅಣ್ಣ, ದಾವಣಗೆರೆ

ಅಪ್ಪನಿಗೆ ಓದಿ ಹೇಳಿದೆ. ಆ ಕ್ಲಿನಿಕ್ಕಿಗೆ ಫೋನ್ ಮಾಡಿ, ಸರ್ ಹೇಳಿದ 2012ರ ವಿಷಯ ಕೇಳಿದೆ. ಅದು ಹಳೇದು, ನಮ್ಮದು ಹೊಸ ಟೆಕ್ನಾಲಜಿ ಅಂದರು. ಸ್ಟೆಮ್ ಸೆಲ್ ಬೇಡ ಅಂದ್ರೆ ಪಿಆರ್‌ಪಿ ಮಾಡ್ತೀವಿ, ಇಲ್ಲ ಅವನದೇ ಕೊಬ್ಬು ತೆಗೆದು ಹಾಕ್ತೀವಿ ಅಂತಲೂ ಅಂದರು. ರೇಟು ಇಳಿಸಿದರು. ಇವೆಲ್ಲ ಏನು? ಅವರನ್ನು ಏನು ಕೇಳಬೇಕು?

ಸರ್ಜರಿ ಪಿಜಿ

ಪಿಆರ್‌ಪಿ ಅಂದ್ರೆ ನಮ್ಮದೇ ರಕ್ತವನ್ನು ಯಂತ್ರದಲ್ಲಿ ತಿರುಗಿಸಿ, ಪ್ಲೇಟ್‌ಲೆಟ್ ಜಾಸ್ತಿ ಇರೋ ಭಾಗ ತೆಗೆದು ಚುಚ್ಚೋದು. ಕೊಬ್ಬಿನದ್ದೂ ಹಾಗೇ, ಲ್ಯಾಬಿನಲ್ಲಿ ಬೆಳೆಸದೆ ಅದೇ ದಿನ ತೆಗೆದು ಅದೇ ದಿನ ಹಾಕ್ತಾರೆ. ಡೆನ್ಮಾರ್ಕಿನ ಆರ್ಹುಸ್‌ನಲ್ಲಿ 21 ಕ್ರೋನ್ಸ್ ರೋಗಿಗಳಿಗೆ ಹೀಗೆ ಕೊಬ್ಬು ಕೊಟ್ಟು 2019ರಲ್ಲಿ ವರದಿ ಕೊಟ್ಟರು, ಅರ್ಧಕ್ಕಿಂತ ಜಾಸ್ತಿ ಜನರಿಗೆ ವಾಸಿಯಾಗಿತ್ತು. ಆದರೆ ಪಕ್ಕದಲ್ಲಿ ಹೋಲಿಸೋಕೆ ಇನ್ನೊಂದು ಗುಂಪು ಇರಲಿಲ್ಲ. ಈಗಷ್ಟೇ ನೋಡಿದಿರಲ್ಲ, ಹೋಲಿಸಿದಾಗ ಚಿತ್ರ ಹೇಗೆ ಬದಲಾಗುತ್ತೆ ಅಂತ. ಇವನ್ನು ಯಾರಾದರೂ ಅಧ್ಯಯನದೊಳಗೆ ಮಾಡಿದರೆ ನಾನು ಸ್ವಾಗತಿಸ್ತೀನಿ. ಗ್ಯಾರಂಟಿ ಕೊಟ್ಟು ಮಾರೋದನ್ನು ಒಪ್ಪೋಕಾಗಲ್ಲ.

ಕಾನೂನಿನ ಮಾತು. ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ, ಕೆಲವು ರಕ್ತದ ಕಾಯಿಲೆಗಳಿಗೆ ಮಾಡೋ ಕಸಿ ಮತ್ತು ಅನುಮತಿ ಸಿಕ್ಕಿರೋ ಔಷಧಿ ಬಿಟ್ಟು ಬೇರೆ ಯಾವುದಕ್ಕೂ ಸ್ಟೆಮ್ ಸೆಲ್ ಅನ್ನು ಕ್ಲಿನಿಕಲ್ ಟ್ರಯಲ್ ಹೊರಗೆ ಬಳಸೋ ಹಾಗಿಲ್ಲ. ಬೆಂಗಳೂರಿನ ಕಂಪನಿಯೊಂದರ ಸ್ಟೆಂಪ್ಯೂಸೆಲ್‌ಗೆ ನಮ್ಮ ದೇಶದಲ್ಲಿ ಅನುಮತಿ ಇದೆ, ಅದು ಕಾಲಿಗೆ ರಕ್ತ ಹೋಗದ ಕಾಯಿಲೆಗೆ, ಆಮೇಲೆ ಮೊಣಕಾಲಿನ ಸವೆತಕ್ಕೆ. ಫಿಸ್ಟುಲಾಗೆ ಅಲ್ಲ. ನೀವು ಆ ಕ್ಲಿನಿಕ್ಕಿನವರನ್ನು ಕೇಳಬೇಕಾದದ್ದು ಇಷ್ಟೇ: ಇದು ಟ್ರಯಲ್ ಆಗಿದ್ದರೆ ಸಿಟಿಆರ್‌ಐ (ಟ್ರಯಲ್‌ಗಳ ಸರ್ಕಾರಿ ದಾಖಲೆ ಪಟ್ಟಿ) ನೋಂದಣಿ ನಂಬರ್ ಕೊಡಿ, ಎಥಿಕ್ಸ್ ಕಮಿಟಿಯ ಒಪ್ಪಿಗೆ ಪತ್ರ ತೋರಿಸಿ. ಸಿಟಿಆರ್‌ಐ ನಂಬರನ್ನು ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ನೋಡಬಹುದು. ನಿಜವಾದ ಟ್ರಯಲ್‌ನಲ್ಲಿ ಆ ಇಂಜೆಕ್ಷನ್ನಿಗೆ ರೋಗಿಯಿಂದ ದುಡ್ಡು ಕೇಳೋದಿಲ್ಲ.

ಹರಿಹರದವನು

ಲೇಸರ್ ಬಗ್ಗೆಯೂ ಹೇಳಿ ಸರ್. ಪಿ.ಬಿ. ರಸ್ತೆ ತುಂಬಾ ಅದರದ್ದೇ ಬೋರ್ಡು.

ಸರ್ಜರಿ ಪಿಜಿ

ಫಿಲ್ಯಾಕ್ ಅಂತ ಅದರ ಹೆಸರು. ಕೊಳವೆಯೊಳಗೆ ಲೇಸರ್ ತಂತಿ ಹಾಕಿ ಸುಡುತ್ತಾ ಹೊರಗೆ ಎಳೀತಾರೆ. ಸ್ನಾಯು ಉಳಿಯುತ್ತೆ, ಅದು ಒಳ್ಳೇ ವಿಷಯ. ಈ ವಿಧಾನ ತಂದ ಜರ್ಮನಿಯ ವಿಲ್ಹೆಲ್ಮ್ ಅವರದೇ 117 ಜನರ ವರದಿಯಲ್ಲಿ ಮೊದಲ ಸಲಕ್ಕೆ ವಾಸಿಯಾದವರು ನೂರಕ್ಕೆ 64. ಬೋರ್ಡಿನಲ್ಲಿ ಅಷ್ಟು ಬರೆದಿರ್ತಾರಾ ನೋಡಿ. ಕ್ಯಾಮೆರಾ ಹಾಕಿ ಒಳಗಿನಿಂದ ಸುಡೋ ವಾಫ್ಟ್ ಇಟಲಿಯ ಮೈನೆರೊ ಅವರದ್ದು, ಕವಲು ಕಣ್ಣಿಗೆ ಕಾಣೋದು ಅದರ ಅನುಕೂಲ. ನಮ್ಮ ದೇಶದಲ್ಲೇ ಪಂಚಕುಲಾದ ಪಂಕಜ್ ಗರ್ಗ್ 2017ರಲ್ಲಿ ಟ್ರೋಪಿಸ್ ಅನ್ನೋ ವಿಧಾನ ಪ್ರಕಟಿಸಿದರು. ಗುದದ ಒಳಗಿನಿಂದಲೇ ಸ್ನಾಯುಗಳ ನಡುವಿನ ಸಂದಿಯನ್ನು ತೆರೆದಿಡೋದು. ಹೊರಸ್ನಾಯು ಮುಟ್ಟೋದಿಲ್ಲ. ಎತ್ತರದ, ಕವಲಿರೋ ಫಿಸ್ಟುಲಾಗೆ ಇದನ್ನೂ ಯೋಚಿಸಬಹುದು ಅಂತ ನಿಮ್ಮ ಸರ್ಜನ್ ಹತ್ತಿರ ಮಾತಾಡಿ.

ಡ್ರೆಸ್ಸಿಂಗ್ ರೂಮ್ ಸಿಸ್ಟರ್

ಎಲ್ಲ ಓದಿದೆ. ನಾನು ದಿನಾ ಇಂಥ ಗಾಯ ತೊಳೆಯುವವಳು. ಗೋಡೆ ಮೇಲೆ ಬರೆಸಿರ್ತಾರಲ್ಲ, ಆಪರೇಷನ್ ಇಲ್ಲದೆ ಮೂಲವ್ಯಾಧಿ ಫಿಸ್ಟುಲಾ ವಾಸಿ ಅಂತ, ಅಲ್ಲಿ ಏನೇನೋ ಚುಚ್ಚಿಸಿಕೊಂಡು ಚರ್ಮ ಕೊಳೆತು ಬಂದವರನ್ನು ನೋಡಿದ್ದೇನೆ. ದಯವಿಟ್ಟು ಹೋಗಬೇಡಿ. ಮನೆಯಲ್ಲಿ ಮಾಡೋದು ಸುಲಭ. ಪ್ರತಿ ಸಲ ಕಕ್ಕಸಿಗೆ ಹೋಗಿ ಬಂದ ಮೇಲೆ ಅಗಲವಾದ ಪ್ಲಾಸ್ಟಿಕ್ ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ಹತ್ತು ನಿಮಿಷ ಕೂರಿಸಿ. ಡೆಟ್ಟಾಲ್ ಬೇಡ, ಉರಿಯುತ್ತೆ, ಹೊಸ ಚರ್ಮಕ್ಕೆ ಒಳ್ಳೇದಲ್ಲ. ಒತ್ತಿ ಒರೆಸದೆ ಮೆತ್ತಗೆ ಒರೆಸಬೇಕು. ಮಲ ಗಟ್ಟಿಯಾಗದ ಹಾಗೆ ಇಸಬ್‌ಗೋಲ್, ನೀರು, ಸೊಪ್ಪು. ಮೆಣಸಿನಕಾಯಿ ಮಂಡಕ್ಕಿ ತಿಂದಿದ್ದಕ್ಕೇ ಫಿಸ್ಟುಲಾ ಬಂತು ಅಂತ ಮನೆಯವರು ಬೈತಾರೆ, ಹಾಗೇನಿಲ್ಲ. ಗಾಯ ಮಾಯೋವರೆಗೆ ಖಾರ ಕಡಿಮೆ ಮಾಡಿದರೆ ಉರಿ ಕಡಿಮೆ, ಅಷ್ಟೆ. ಶುಗರ್ ಪರೀಕ್ಷೆ ಮಾಡಿಸಿ. ಸಿಗರೇಟು ಇದ್ದರೆ ಬಿಡಿಸಿ, ಗಾಯ ಮಾಯೋಕೇ ಬಿಡಲ್ಲ ಅದು. ದುಡ್ಡಿನ ತೊಂದರೆ ಇದ್ದರೆ ಆಯುಷ್ಮಾನ್ ಕಾರ್ಡ್ ತಗೊಂಡು ಚಿಗಟೇರಿ ಆಸ್ಪತ್ರೆಯಲ್ಲಿ ವಿಚಾರಿಸಿ.

ಎಪಿಎಂಸಿ ಅಣ್ಣ, ದಾವಣಗೆರೆ

ಸೈಟು ಮಾರೋದಿಲ್ಲ ಅಂತ ಆಯಿತು. ಸೀಟನ್ನಿಗೆ ದಿನ ಗೊತ್ತು ಮಾಡಿದ್ದಾರೆ. ತಮ್ಮ ಒಪ್ಪಿದ್ದಾನೆ. ಆದರೂ ಅವನದೊಂದು ಪ್ರಶ್ನೆ: ಲಿಫ್ಟ್ ಮಾಡಿಸಿಯೂ ಮತ್ತೆ ಬಂದರೆ? ಆಗ ಕಥೆ ಮುಗಿದ ಹಾಗಾ?

ಸರ್ಜರಿ ಪಿಜಿ

ಇಲ್ಲ. ಇದು ಲಿಫ್ಟ್‌ನಲ್ಲಿ ನನಗೆ ತುಂಬಾ ಹಿಡಿಸೋ ಗುಣ. ವಿಫಲವಾದಾಗ ಎಷ್ಟೋ ಜನರಲ್ಲಿ ಹೊರಸ್ನಾಯು ದಾಟೋ ಭಾಗ ಮುಚ್ಚಿಕೊಂಡು, ಒಳಬಾಯಿಂದ ಸ್ನಾಯುಗಳ ನಡುವಿನ ಗಾಯದವರೆಗೆ ಮಾತ್ರ ಸಣ್ಣ ಕೊಳವೆ ಉಳಿಯುತ್ತೆ. ಎತ್ತರದ ಕಷ್ಟದ ಫಿಸ್ಟುಲಾ ಕೆಳಗಿನ ಸುಲಭದ ಫಿಸ್ಟುಲಾ ಆಗಿರುತ್ತೆ. ಅದನ್ನು ಹೊರಸ್ನಾಯು ಮುಟ್ಟದೆ ಸೀಳಿ ತೆರೆದಿಡಬಹುದು. ಸೋತರೂ ಹಿಡಿತ ಕಳೆದುಕೊಂಡಿರೋದಿಲ್ಲ ಅಂತ ತಮ್ಮನಿಗೆ ಹೇಳಿ.

ಶಲ್ಯತಂತ್ರ ವೈದ್ಯೆ, ಚಿತ್ರದುರ್ಗ

ಇನ್ನೊಂದು ಮಾತು, ಸೀಟನ್ ಹಾಕೋ ಮುಂಚೆಯೇ ಸರ್ಜನ್ ಹತ್ತಿರ ಹೇಳಿಡಿ. ಮತ್ತೆ ಮತ್ತೆ ಬರೋ ಫಿಸ್ಟುಲಾದಲ್ಲಿ ನಮ್ಮ ದೇಶದಲ್ಲಿ ಟಿಬಿ ಇದೆಯಾ ಅಂತ ನೋಡಲೇಬೇಕು. ಟಿಬಿ ಆಗಿದ್ದರೆ ಮಾತ್ರೆ ಶುರುವಾಗೋವರೆಗೆ ಯಾವ ಆಪರೇಷನ್ ಮಾಡಿದರೂ ಮಾಯೋದಿಲ್ಲ. ಕೊಳವೆಯಿಂದ ತೆಗೆದ ತುಂಡನ್ನು ಎರಡು ಡಬ್ಬಿಯಲ್ಲಿ ಕಳಿಸಬೇಕು. ಒಂದು ಫಾರ್ಮಲಿನ್‌ನಲ್ಲಿ, ಬಯಾಪ್ಸಿಗೆ. ಇನ್ನೊಂದು ಬರೀ ಸಲೈನ್‌ನಲ್ಲಿ, ಟಿಬಿ ಪತ್ತೆ ಮಾಡೋ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆಗೆ ಮತ್ತು ಕಲ್ಚರ್‌ಗೆ, ಅಂದ್ರೆ ರೋಗಾಣು ಬೆಳೆಸಿ ನೋಡೋಕೆ. ಎಲ್ಲವನ್ನೂ ಫಾರ್ಮಲಿನ್‌ಗೆ ಹಾಕಿಬಿಟ್ಟರೆ ಕಲ್ಚರ್ ಬೆಳೆಯೋದಿಲ್ಲ. ಥಿಯೇಟರಿನಿಂದ ಡಬ್ಬಿ ಹೊರಗೆ ಬಂದಾಗ ಎರಡೂ ಇವೆಯಾ, ಎರಡರ ಮೇಲೂ ತಮ್ಮನ ಹೆಸರಿದೆಯಾ ಅಂತ ನೀವೇ ನಿಂತು ನೋಡಿಕೊಳ್ಳಿ.